ಬೀಡಿನ ಬಾಣಲೆ, ಮೆಕ್ಕೆಜೋಳದ ರೊಟ್ಟಿ

ಟೆನೆಸ್ಸಿ ನದಿಯ ದಡದ ಸೌತ್ ಪಿಟ್ಸ್‌ಬರ್ಗ್ ಎಂಬ ಊರಿಗೆ ಒಂದು ಕಾಲದಲ್ಲಿ ಭಾರಿ ಆಸೆಗಳಿದ್ದವು. ಉತ್ತರದ ಪಿಟ್ಸ್‌ಬರ್ಗ್‌ನಂತೆ ತಾನೂ ಕಬ್ಬಿಣದ ಮಹಾನಗರವಾಗುತ್ತೇನೆಂದು 1870ರ ದಶಕದಲ್ಲಿ ಆ ಹೆಸರನ್ನೇ ಇಟ್ಟುಕೊಂಡಿತು. ಮಹಾನಗರ ಆಗಲಿಲ್ಲ. ಈಗಲೂ ಮೂರು ಸಾವಿರ ಜನರ ಊರು, ಒಂದು ಮುಖ್ಯ ಬೀದಿ, ಎರಡೂ ಕಡೆ ಹಸಿರು ಗುಡ್ಡ. ಆದರೆ ಕಬ್ಬಿಣದ ಆಸೆ ಪೂರ್ತಿ ಹುಸಿಯಾಗಲಿಲ್ಲ. 1896ರಲ್ಲಿ ಜೋಸೆಫ್ ಲಾಡ್ಜ್ ಎಂಬಾತ ಇಲ್ಲೊಂದು ಎರಕದ ಕಾರ್ಖಾನೆ ತೆರೆದು, ಅದಕ್ಕೆ ತನ್ನ ಸ್ನೇಹಿತನಾದ ಪಾದ್ರಿ ಬ್ಲಾಕ್‌ಲಾಕ್‌ನ ಹೆಸರಿಟ್ಟ. 1910ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಆತ ಕೆಲವು ಬೀದಿ ಆಚೆಗೆ ಮತ್ತೆ ಕಟ್ಟಿಸಿ ಈ ಸಲ ತನ್ನದೇ ಹೆಸರು ಇಟ್ಟ. ಅಮೆರಿಕದ ಅಡುಗೆಮನೆಗಳಲ್ಲಿ ಇಂದು ಸಿಗುವ ಬೀಡಿನ ಪಾತ್ರೆಗಳಲ್ಲಿ ದೊಡ್ಡ ಪಾಲು ಈ ಪುಟ್ಟ ಊರಿನ ಮರಳಿನ ಅಚ್ಚುಗಳಿಂದ ಎದ್ದು ಬಂದದ್ದು.

ನಾನು ಹೋದದ್ದು ಅಕ್ಟೋಬರಿನಲ್ಲಿ. ಏಪ್ರಿಲ್ ಕೊನೆಗೆ ಹೋಗಿದ್ದರೆ 1997ರಿಂದ ನಡೆದುಕೊಂಡು ಬಂದಿರುವ ರಾಷ್ಟ್ರೀಯ ಕಾರ್ನ್‌ಬ್ರೆಡ್ ಉತ್ಸವ ಸಿಗುತ್ತಿತ್ತು. ಆ ನೂಕುನುಗ್ಗಲು ತಪ್ಪಿದ್ದಕ್ಕೆ ನನಗೇನೂ ಬೇಸರವಿಲ್ಲ. 2022ರಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ಹದಿನೆಂಟು ಅಡಿಯ ಬಾಣಲೆಯೊಂದಿದೆ. ಮಕ್ಕಳು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅಡುಗೆಗೆ ಬಾರದ ಪಾತ್ರೆ ನೋಡಿ ನಾನೇನು ಮಾಡಲಿ? ಕಾರ್ಖಾನೆಯ ಅಂಗಡಿಯಲ್ಲಿ ಕೈಗೆ ಸಿಗುವಂಥ ಹತ್ತು ಇಂಚಿನ ಸ್ಕಿಲ್ಲೆಟ್ ಎತ್ತಿ ನೋಡಿದೆ. ಚಪ್ಪಟೆ ತಳ, ಎರಡು ಬೆರಳೆತ್ತರದ ಅಂಚು, ಒಂದು ಗಿಡ್ಡ ಹಿಡಿ, ತೂಕ ಎರಡು ಕಿಲೋಗೂ ಮೇಲೆ. ಮೊದಲೆಲ್ಲ ಇವು ಬೂದು ಬಣ್ಣದ ಹಸಿ ಬೀಡಾಗಿಯೇ ಬರುತ್ತಿದ್ದವಂತೆ. 2002ರಿಂದೀಚೆಗೆ ಎಣ್ಣೆ ಸವರಿ ಸುಟ್ಟು, ಕಪ್ಪು ಮಾಡಿಯೇ ಮಾರುತ್ತಾರೆ.

ತಂಗಿಯ ಮನೆ ಇರುವುದು ಅಲ್ಲಿಂದ ಮೂವತ್ತು ಮೈಲಿ ದೂರದ ಚಾಟನೂಗಾದಲ್ಲಿ. ಅವಳ ಪಕ್ಕದ ಮನೆಯಾಕೆ ಶಾಲೆಯ ಬಸ್ಸು ಓಡಿಸಿ ನಿವೃತ್ತರಾದ ಕಪ್ಪು ಜನಾಂಗದ ಅಜ್ಜಿ. ತವರು ಅಲಬಾಮದ ಹತ್ತಿ ಸೀಮೆ. ನನ್ನ ಹೊಸ ಬಾಣಲೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಿನ್ನೂ ಕೂಸು, ಹನೀ" ಎಂದರು. ಆ ಸೀಮೆಯ ಅಜ್ಜಿಯರಿಗೆ ಗುರುತಿಲ್ಲದವರೂ ‘ಹನಿ’. ನಾನು ಅವರನ್ನು ಅಲ್ಲಿನ ರೂಢಿಯಂತೆ ‘ಮ್ಯಾಮ್’ ಎನ್ನುತ್ತಿದ್ದೆ. ತಮ್ಮ ಅತ್ತೆಯಿಂದ ಬಂದ ಬಾಣಲೆಯನ್ನು ತಂದು ಪಕ್ಕದಲ್ಲಿಟ್ಟರು. ಒಳಮೈ ಕನ್ನಡಿಯಂತೆ ನುಣ್ಣಗಿತ್ತು. ನಮ್ಮ ಕಡೆ ದೋಸೆ ಕಾವಲಿಯನ್ನು ಪಳಗಿಸುತ್ತಾರಲ್ಲ, ಅದೇ ವಿದ್ಯೆ. ತೆಳ್ಳಗೆ ಸವರಿದ ಕೊಬ್ಬು ಬಿಸಿಗೆ ಗಟ್ಟಿಯಾಗಿ, ಅಣುಗಳು ಒಂದಕ್ಕೊಂದು ಬೆಸೆದುಕೊಂಡು ಕಬ್ಬಿಣದ ಮೇಲೆ ಪದರವಾಗಿ ಕೂರುತ್ತದೆ. ಒಂದು ಸಲದ ಪದರ ಕಣ್ಣಿಗೂ ಕಾಣುವುದಿಲ್ಲ, ವರ್ಷಗಟ್ಟಲೆಯದು ಕಾಣುತ್ತದೆ. ನಾವು ಅರ್ಧ ಈರುಳ್ಳಿಯಿಂದ ಎಣ್ಣೆ ಉಜ್ಜುತ್ತೇವೆ, ಅವರು ಬೇಕನ್ ಕರಿದು ಉಳಿದ ಹಂದಿಯ ಕೊಬ್ಬನ್ನು ಡಬ್ಬಿಯಲ್ಲಿ ತುಂಬಿಟ್ಟು ಬಳಸುತ್ತಾರೆ.

ತಂಗಿಯ ಅಡುಗೆಮನೆಯಲ್ಲಿ ಹಂದಿಯ ಕೊಬ್ಬು ಒಲೆಯೇರುವಂತಿಲ್ಲ. "ಬೆಣ್ಣೆ ಹಾಕಬಹುದಾ?" ಎಂದು ಕೇಳಿದೆ. ಅಷ್ಟು ಬಿಸಿಗೆ ಬೆಣ್ಣೆ ಸುಟ್ಟು ಕರಕಾಗುತ್ತದೆ ಎಂದರು. ಬೆಣ್ಣೆಯಲ್ಲಿರುವ ಹಾಲಿನ ಅಂಶವೇ ಸುಡುವುದು. ಅದನ್ನು ಕಾಯಿಸಿ ಸೋಸಿದ ತುಪ್ಪಕ್ಕೆ ಆ ಭಯವಿಲ್ಲ. ತಂಗಿ ಡಬ್ಬಿ ತೆಗೆದು ಮೂಸಲು ಕೊಟ್ಟಳು. ಅಜ್ಜಿ ಮೂಸಿ, ಹುಬ್ಬೇರಿಸಿ, "ನಡೀತದೆ" ಎಂದು ಅಪ್ಪಣೆ ಕೊಟ್ಟರು.

ಕೆಲಸ ಶುರುವಾಗುವುದು ಹಿಟ್ಟಿನಿಂದಲ್ಲ, ಕಬ್ಬಿಣದಿಂದ. ಮೂರು ದೊಡ್ಡ ಚಮಚ ತುಪ್ಪ ಹಾಕಿದ ಬಾಣಲೆಯನ್ನು ಓವನ್ನಿನೊಳಗಿಟ್ಟು 450 ಡಿಗ್ರಿ ಫ್ಯಾರನ್‌ಹೀಟ್‌ಗೆ, ನಮ್ಮ ಲೆಕ್ಕದಲ್ಲಿ ಸುಮಾರು 230 ಡಿಗ್ರಿಗೆ, ಕಾಯಲು ಬಿಡಬೇಕು. ಅತ್ತ ಅದು ಕಾಯುತ್ತಿರುವಾಗ ಇತ್ತ ಎರಡು ಕಪ್ ಬಿಳಿ ಮೆಕ್ಕೆಜೋಳದ ಹಿಟ್ಟಿಗೆ ಒಂದು ಚಿಕ್ಕ ಚಮಚ ಉಪ್ಪು, ಒಂದು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ. ಮೈದಾ ಒಂದು ಚಿಟಿಕೆಯೂ ಇಲ್ಲ. ಒಂದು ಮೊಟ್ಟೆ ಒಡೆದು ಕದಡಿ, ಒಂದೂವರೆ ಕಪ್ಪಿನಷ್ಟು ಹುಳಿ ಮಜ್ಜಿಗೆ. ಅಲ್ಲಿನ ಅಂಗಡಿಯಲ್ಲಿ ಮಜ್ಜಿಗೆಯೆಂದು ಸಿಗುವುದು ಬೆಣ್ಣೆ ಕಡೆದು ಉಳಿದದ್ದಲ್ಲ, ಕೊಬ್ಬು ತೆಗೆದ ಹಾಲಿಗೆ ಹೆಪ್ಪು ಹಾಕಿದ್ದು. ಸುರಿದರೆ ದಪ್ಪಗೆ ಬೀಳುತ್ತದೆ. ಫ್ರಿಜ್ಜಿನಲ್ಲಿ ಹುಳಿ ಬಂದ ಮನೆಯ ಮೊಸರಿಗೆ ನೀರು ಬೆರೆಸಿದರೂ ಆಯಿತು. ಸೋಡಾ ಉಬ್ಬಲು ಬೇಕಾದದ್ದು ಹುಳಿ, ಬ್ರಾಂಡ್ ಅಲ್ಲ. ಕಲಸಿದ ಹಿಟ್ಟನ್ನು ಹಾಗೇ ಇಟ್ಟಿರಬಾರದು, ಗುಳ್ಳೆಗಳು ಆರಿಹೋಗುತ್ತವೆ.

ಮುಖ್ಯವಾದ ಗಳಿಗೆ ಮುಂದಿನದು. ಬಾಣಲೆಯನ್ನು ಹೊರಗೆಳೆದು, ಕಾದ ತುಪ್ಪದಲ್ಲಿ ಮುಕ್ಕಾಲು ಪಾಲನ್ನು ಹಿಟ್ಟಿಗೆ ಸುರಿದು ತಿರುವಿ, ಆ ಹಿಟ್ಟನ್ನು ಮತ್ತೆ ಬಾಣಲೆಗೆ ಸುರಿಯಬೇಕು. ಚುಂಯ್ ಎನ್ನಲೇಬೇಕು. "ಸದ್ದು ಬರಲಿಲ್ಲ ಅಂದ್ರೆ ನನ್ನನ್ನ ಊಟಕ್ಕೆ ಕರೀಬೇಡ" ಎಂದಿದ್ದರು ಅಜ್ಜಿ. ಹಿಟ್ಟು ತಳ ಮುಟ್ಟಿದ ಕ್ಷಣದಲ್ಲೇ ಕರಿದುಕೊಂಡು ಗರಿಗರಿ ಹೊರಪದರವಾಗುತ್ತದೆ. ಅದಾದರೆ ರೊಟ್ಟಿ ಅಂಟುವುದಿಲ್ಲ, ಒಳಗಿನ ತೇವವೂ ಉಳಿಯುತ್ತದೆ. ತಗಡಿನ ಪಾತ್ರೆ ಇದನ್ನು ಮಾಡಲಾರದು, ತಣ್ಣನೆಯ ಹಿಟ್ಟು ಬಿದ್ದೊಡನೆ ಅದರ ಕಾವು ಇಳಿದುಹೋಗುತ್ತದೆ. ಬೀಡಿನ ಆ ಭಾರವೆಲ್ಲ ಕೂಡಿಟ್ಟ ಬಿಸಿ. ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಅಂಚು ಬಿಟ್ಟುಕೊಂಡು ಮೇಲೆ ಹೊಂಬಣ್ಣ ಬರುತ್ತದೆ. ತಟ್ಟೆಯ ಮೇಲೆ ಬೋರಲು ಹಾಕಿದರೆ ಕಂದು ಬಣ್ಣದ ತಳವೇ ಮೇಲ್ಮುಖವಾಗಿ ಕೂರುತ್ತದೆ.

ಮೊದಲ ತುಂಡು ತಿಂದಾಗ ನನಗೆ ಅನಿಸಿದ್ದನ್ನು ಮುಚ್ಚಿಡುವುದಿಲ್ಲ: ತಳ ಅದ್ಭುತ, ಒಳಗಿನದು ಸಪ್ಪೆ. ಸಕ್ಕರೆ ಹಾಕಿದ್ದರೆ? ಅಜ್ಜಿಯನ್ನು ಕೇಳಿದೆ. ಅವರ ಗಂಡ, ರೈಲ್ವೆಯಲ್ಲಿದ್ದು ನಿವೃತ್ತರಾದವರು, ಕುರ್ಚಿಯಲ್ಲಿ ನೆಟ್ಟಗೆ ಕೂತರು. ಅಜ್ಜಿಯ ತಾಯಿ ಒಂದು ಚಮಚ ಸಕ್ಕರೆ ಹಾಕುತ್ತಿದ್ದರಂತೆ, ಗಂಡನ ತಾಯಿ ಹಾಕುತ್ತಿರಲಿಲ್ಲವಂತೆ. ಐವತ್ತು ವರ್ಷದ ದಾಂಪತ್ಯದಲ್ಲಿ ಈ ವ್ಯಾಜ್ಯ ಇತ್ಯರ್ಥವಾಗಿಲ್ಲ. "ಸಕ್ಕರೆ ಹಾಕಿದರೆ ಅದು ಕೇಕು" ಎಂದು ಗಂಡ. "ನಿಮ್ಮಮ್ಮಂಗೆ ಸಕ್ಕರೆ ಕೊಳ್ಳೋಕೆ ದುಡ್ಡಿರಲಿಲ್ಲ" ಎಂದು ಹೆಂಡತಿ. ಕಡೆಗೆ ಅಜ್ಜಿಯೇ ಒಂದು ದಾರಿ ತೋರಿಸಿದರು. ಅಂಗಡಿಯ ಹಿಟ್ಟಿನಲ್ಲಿ ಜೋಳವೇ ಇರುವುದಿಲ್ಲ, ಗಿರಣಿಯ ಹಿಟ್ಟು ತಂದು ಮಾಡಿ ನೋಡು ಎಂದರು.

ಗಿರಣಿ ಇದ್ದದ್ದು ಸ್ಮೋಕಿ ಬೆಟ್ಟಗಳಲ್ಲಿ, ಕೇಡ್ಸ್ ಕೋವ್ ಎಂಬ ಕಣಿವೆಯಲ್ಲಿ. 1934ರಲ್ಲಿ ಈ ಬೆಟ್ಟಸಾಲು ರಾಷ್ಟ್ರೀಯ ಉದ್ಯಾನವಾದಾಗ ಕಣಿವೆಯ ಹೆಚ್ಚಿನ ರೈತರು ಊರು ಬಿಟ್ಟರು. ಅವರ ಮರದ ಮನೆ, ಇಗರ್ಜಿಗಳು ಉಳಿದವು. ಹನ್ನೊಂದು ಮೈಲಿಯ ಸುತ್ತು ರಸ್ತೆಯಲ್ಲಿ ಕರಡಿ ಕಂಡರೆ ಸಾಕು, ಕಾರುಗಳೆಲ್ಲ ನಿಂತುಬಿಡುತ್ತವೆ. ಅರ್ಧ ದಾರಿಯಲ್ಲಿ ಜಾನ್ ಕೇಬಲ್ ಎಂಬಾತ 1870ರ ಸುಮಾರಿಗೆ ಕಟ್ಟಿದ ನೀರಿನ ಗಿರಣಿ. ಮರದ ಕಾಲುವೆಯಲ್ಲಿ ಹರಿದು ಬಂದ ತೊರೆಯ ನೀರು ದೊಡ್ಡ ಚಕ್ರದ ನೆತ್ತಿಗೆ ಬಿದ್ದು ತಿರುಗಿಸುತ್ತದೆ, ಒಳಗೆ ಒಂದರ ಮೇಲೊಂದು ಕೂತ ಕಲ್ಲುಗಳು ಜೋಳ ಬೀಸುತ್ತವೆ. ಗಿರಣಿಯ ಬಾಯಿಯಿಂದ ಬೀಳುವ ಹಿಟ್ಟನ್ನು ಗಿರಣಿಯಾತ ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡುತ್ತಿದ್ದ. ಬಿಸಿ ತಾಕಿದರೆ ಕಲ್ಲು ವೇಗವಾಗಿದೆಯೆಂದು ಅರ್ಥ, ನೀರು ತಗ್ಗಿಸಬೇಕು. ನಾನೂ ಬೆರಳಿಟ್ಟೆ. ಉಗುರು ಬೆಚ್ಚಗಿತ್ತು, ಹಸಿ ತೆನೆಯ ಘಮವಿತ್ತು.

ಸಕ್ಕರೆಯ ವ್ಯಾಜ್ಯಕ್ಕೆ ಉತ್ತರ ಈ ಘಮದಲ್ಲಿದೆ. ಕಲ್ಲಿನಲ್ಲಿ ಬೀಸಿದಾಗ ಕಾಳಿನ ಮೊಳಕೆಯ ಭಾಗವೂ ಹಿಟ್ಟಿನಲ್ಲಿ ಸೇರುತ್ತದೆ. ಎಣ್ಣೆ, ರುಚಿ ಎರಡೂ ಇರುವುದು ಅಲ್ಲೇ. ಆದರೆ ಎಣ್ಣೆಯಿರುವ ಹಿಟ್ಟು ಬೇಗ ಕಮಟುತ್ತದೆ, ದೂರದ ಪೇಟೆಗೆ ಸಾಗದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಉಕ್ಕಿನ ರೋಲರ್ ಗಿರಣಿಗಳು ಬಂದು, ಬರಬರುತ್ತಾ ಮೊಳಕೆ ಹೊಟ್ಟುಗಳನ್ನು ತೆಗೆದು ಬರೀ ಪಿಷ್ಟವನ್ನು ಪೊಟ್ಟಣ ಕಟ್ಟತೊಡಗಿದವು. ಹಿಟ್ಟು ತಿಂಗಳುಗಟ್ಟಲೆ ಬಾಳಿತು, ರುಚಿ ಹೋಯಿತು. ಹೋದ ರುಚಿಯನ್ನು ಸಕ್ಕರೆಯಿಂದ ತುಂಬಿಕೊಂಡರು ಎಂದು ದಕ್ಷಿಣದ ಆಹಾರ ಇತಿಹಾಸ ಬರೆಯುವ ಕೆಲವರು ವಾದಿಸುತ್ತಾರೆ. ಕೇಡ್ಸ್ ಕೋವ್‌ನ ಹಿಟ್ಟಿನಿಂದ ಮಾಡಿದ ರೊಟ್ಟಿ ತಿಂದ ಮೇಲೆ ನಾನು ಅವರ ಪಕ್ಷ. ಅಜ್ಜಿಯ ತಾಯಿಯೂ ಸರಿ, ಅತ್ತೆಯೂ ಸರಿ. ಹಿಟ್ಟು ಬೇರೆ ಬೇರೆ ಇದ್ದಿರಬೇಕು.

ಬೆಟ್ಟ ಹತ್ತಿ ಆಚೆ ಇಳಿದರೆ ನಾರ್ತ್ ಕ್ಯಾರೊಲೈನಾದ ಚೆರೋಕೀ ಊರು, ಅದೇ ಹೆಸರಿನ ಮೂಲನಿವಾಸಿಗಳದು. ಬೀದಿಯ ಹೆಸರುಗಳು ಇಂಗ್ಲಿಷಿನ ಜೊತೆಗೆ ಚೆರೋಕೀ ಲಿಪಿಯಲ್ಲೂ ಇವೆ. ಇಂಗ್ಲಿಷ್ ಓದು ಬರಹ ಬಾರದ ಸಿಕ್ವೋಯ ಎಂಬಾತ 1821ರ ಹೊತ್ತಿಗೆ ಒಬ್ಬನೇ ಕೂತು ರೂಪಿಸಿದ ಲಿಪಿ ಅದು. ಆ ಜನರ ಕಥೆಯಲ್ಲಿ ಸೆಲು ಎಂಬ ತಾಯಿ ತನ್ನ ಹೊಟ್ಟೆ ಉಜ್ಜಿ ಬುಟ್ಟಿ ತುಂಬ ಜೋಳ ಉದುರಿಸುತ್ತಾಳೆ. ಕದ್ದು ನೋಡಿದ ಮಕ್ಕಳು ಮಾಟಗಾತಿಯೆಂದು ಹೆದರಿ ಕೊಲ್ಲಲು ಹೊರಡುತ್ತಾರೆ. ಕೊಲ್ಲುವುದಾದರೆ ಮನೆ ಮುಂದಿನ ನೆಲ ಹಸನು ಮಾಡಿ ನನ್ನ ಹೆಣವನ್ನು ಏಳು ಸುತ್ತು ಎಳೆಯಿರಿ ಎಂದು ಆಕೆಯೇ ಹೇಳಿಕೊಡುತ್ತಾಳೆ. ಮಕ್ಕಳು ಮೈಗಳ್ಳರು, ಏಳು ಚಿಕ್ಕ ತುಂಡು ನೆಲ ಮಾತ್ರ ಹಸನು ಮಾಡುತ್ತಾರೆ. ಅದಕ್ಕೇ ಜೋಳ ಎಲ್ಲೆಡೆ ಬೆಳೆಯುವುದಿಲ್ಲವಂತೆ.

1838ರಲ್ಲಿ ಅಮೆರಿಕದ ಸೈನ್ಯ ಈ ಜನರನ್ನು ಮನೆಗಳಿಂದೆಬ್ಬಿಸಿ ಮಿಸಿಸಿಪಿಯಾಚೆಗೆ ಅಟ್ಟಿತು. ಅವರನ್ನು ಕೂಡಿಹಾಕಿ ಕಳಿಸಿದ ಜಾಗಗಳಲ್ಲೊಂದು ನದಿದಂಡೆಯ ರಾಸ್ ಲ್ಯಾಂಡಿಂಗ್, ಅಂದರೆ ನನ್ನ ತಂಗಿ ಸಂಜೆ ವಾಕಿಂಗ್ ಹೋಗುವ ಚಾಟನೂಗಾದ ದಂಡೆ. ಬೆಟ್ಟದಲ್ಲಿ ಉಳಿದುಕೊಂಡವರ ಮಕ್ಕಳು ಮೊಮ್ಮಕ್ಕಳು ಈ ಚೆರೋಕೀ ಊರಿನವರು. ಇಲ್ಲಿ ಹುರುಳಿಕಾಯಿ ಬೀಜ ಸೇರಿಸಿ, ಜೋಳದ ಎಲೆಯಲ್ಲಿ ಸುತ್ತಿ ಬೇಯಿಸಿದ ರೊಟ್ಟಿ ತಿಂದೆ. ಅದಕ್ಕೆ ಜೋಳವನ್ನು ಹಾಗೇ ಬೀಸುವುದಿಲ್ಲ. ಮೊದಲು ಕಟ್ಟಿಗೆಯ ಬೂದಿ ನೀರಿನಲ್ಲಿ ಕುದಿಸುತ್ತಾರೆ. ಸಿಪ್ಪೆ ಬಿಡುತ್ತದೆ, ಕಾಳು ಉಬ್ಬುತ್ತದೆ, ತೊಳೆದು ಕುಟ್ಟುತ್ತಾರೆ. ಮೆಕ್ಸಿಕೋದವರು ಬೂದಿಯ ಬದಲು ಸುಣ್ಣ ಹಾಕುತ್ತಾರೆ. ಸಿಪ್ಪೆ ತೆಗೆಯುವ ಉಪಾಯ ಎಂದಷ್ಟೇ ನಾನು ತಿಳಿದಿದ್ದೆ.

ಉಪಾಯ ಅದಕ್ಕಿಂತ ಆಳವಾದದ್ದು. ಮೆಕ್ಕೆಜೋಳದಲ್ಲಿರುವ ನಿಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತದ ರೂಪದಲ್ಲಿ ಕಟ್ಟಿಹಾಕಿಕೊಂಡಿರುತ್ತದೆ, ಬೂದಿಯ ಅಥವಾ ಸುಣ್ಣದ ಕ್ಷಾರ ಅದನ್ನು ಬಿಡಿಸುತ್ತದೆ. ವಲಸೆ ಬಂದ ಬಿಳಿಯರು ಈ ಜನರಿಂದ ಬೀಜ ಕಲಿತರು, ಬಿತ್ತನೆ ಕಲಿತರು; ದಿನದಿನದ ರೊಟ್ಟಿಗೆ ಬೂದಿಯ ಪಾಠವನ್ನು ಕೈಬಿಟ್ಟರು. ಅವರ ತೋಟಗಳಲ್ಲಿ ಗುಲಾಮರಾಗಿದ್ದವರಿಗಂತೂ ಕೊಟ್ಟದ್ದೇ ಬೀಸಿದ ಹಿಟ್ಟು. ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿದ ಫ್ರೆಡರಿಕ್ ಡಗ್ಲಸ್ ತನ್ನ 1845ರ ಆತ್ಮಕಥೆಯಲ್ಲಿ ದೊಡ್ಡವರ ತಿಂಗಳ ಪಡಿ ದಾಖಲಿಸಿದ್ದಾನೆ: ಎಂಟು ಪೌಂಡ್ ಹಂದಿಮಾಂಸ ಅಥವಾ ಅಷ್ಟೇ ಬೆಲೆಯ ಮೀನು, ಒಂದು ಬುಶೆಲ್ ಜೋಳದ ಹಿಟ್ಟು. ಬುಶೆಲ್ ಎಂದರೆ ಇಪ್ಪತ್ತು ಕಿಲೋಗೂ ಮೇಲೆ. ಮೊಟ್ಟೆಯಿಲ್ಲ, ಮಜ್ಜಿಗೆಯಿಲ್ಲ. ಹಿಟ್ಟು, ಉಪ್ಪು, ನೀರು ಕಲಸಿ ಎಲೆಯಲ್ಲಿ ಸುತ್ತಿ ಕೆಂಡದ ಬೂದಿಯಲ್ಲಿ ಹೂತರೆ ಬೂದಿರೊಟ್ಟಿ. ಕಾವಲಿಯ ಮೇಲೆ ತಟ್ಟಿ ಸುಟ್ಟರೆ ಹೋಕೇಕ್. ಅಜ್ಜಿ ಇದರ ಒಂದು ಬಗೆಯನ್ನು ಈಗಲೂ ಮಾಡುತ್ತಾರೆ. ಕುದಿಯುವ ನೀರು ಸುರಿದು ಹಿಟ್ಟು ಕಲಸಿ, ಅಂಗೈಯಲ್ಲಿ ತಟ್ಟಿ, ಬಾಣಲೆಯಲ್ಲಿ ಎರಡೂ ಕಡೆ ಕರಿಯುತ್ತಾರೆ. ಗೋಧಿಯ ಜಿಗುಟು ಈ ಹಿಟ್ಟಿಗಿಲ್ಲ. ಬಿಸಿನೀರಿಗೆ ಪಿಷ್ಟ ಬೆಂದು ಅಂಟಾಗುತ್ತದೆ. ಉತ್ತರ ಕರ್ನಾಟಕದ ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಇಪ್ಪತ್ತನೆಯ ಶತಮಾನ ಮೊದಲಾದಾಗ ಬಿಟ್ಟ ಪಾಠದ ಬೆಲೆ ಕಣ್ಣಿಗೆ ಕಾಣತೊಡಗಿತು. ಹತ್ತಿ ತೋಟದ ಗೇಣಿದಾರರು, ನೂಲಿನ ಗಿರಣಿಯ ಕೂಲಿಗಳು ಜೋಳದ ಹಿಟ್ಟು, ಕಾಕಂಬಿ, ಹಂದಿಯ ಕೊಬ್ಬು ಈ ಮೂರರಲ್ಲೇ ವರ್ಷ ದೂಡುತ್ತಿದ್ದರು. ಹಿಟ್ಟೋ, ಮೊಳಕೆ ತೆಗೆದ ಹೊಸ ಗಿರಣಿಯದು. ಕೈ ಕುತ್ತಿಗೆಗಳ ಚರ್ಮ ಸುಟ್ಟಂತಾಗಿ ಸುಲಿಯಿತು, ಭೇದಿ ಹತ್ತಿತು, ಬುದ್ಧಿ ಕೆಟ್ಟಿತು, ಜನ ಸತ್ತರು. ಪೆಲಾಗ್ರ. ನಾಲ್ಕು ದಶಕಗಳಲ್ಲಿ ಮೂವತ್ತು ಲಕ್ಷ ಜನರಿಗೆ ತಗುಲಿ ಒಂದು ಲಕ್ಷ ಮಂದಿ ಸತ್ತರೆಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಅಂಟುರೋಗವೆಂದೇ ವೈದ್ಯರು ನಂಬಿದ್ದರು. 1914ರಲ್ಲಿ ಸರ್ಕಾರ ಕಳಿಸಿದ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ಆಸ್ಪತ್ರೆ, ಅನಾಥಾಶ್ರಮಗಳಲ್ಲಿ ಸುತ್ತಿ ಒಂದು ಸಂಗತಿ ಗಮನಿಸಿದ: ರೋಗಿಗಳ ನಡುವೆಯೇ ಓಡಾಡುವ ದಾದಿಯರಿಗೆ ರೋಗ ಬರುತ್ತಿರಲಿಲ್ಲ. ಮಿಸಿಸಿಪಿಯ ಜೈಲಿನ ತೋಟದಲ್ಲಿ ಒಪ್ಪಿದ ಕೈದಿಗಳಿಗೆ ಬಿಡುಗಡೆಯ ಭರವಸೆ ಕೊಡಿಸಿ ಬರೀ ಜೋಳದಂಥ ಬಡ ಊಟ ಹಾಕಿ ರೋಗ ಬರಿಸಿ ತೋರಿಸಿದ. ಜನ ಆಗಲೂ ನಂಬಲಿಲ್ಲ. 1916ರಲ್ಲಿ ತಾನೂ ಹೆಂಡತಿಯೂ ರೋಗಿಯ ರಕ್ತ ಚುಚ್ಚಿಸಿಕೊಂಡರು; ರೋಗಿಗಳ ಮಲಮೂತ್ರ ಸೇರಿಸಿದ ಗುಳಿಗೆಯನ್ನೂ ಆತ ನುಂಗಿದ. ಏನೂ ಆಗಲಿಲ್ಲ. ದಕ್ಷಿಣದ ಮುಖಂಡರಿಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ರೋಗದ ಮೂಲ ಬಡತನ ಎಂದರೆ ಯಾರನ್ನು ದೂರಬೇಕೆಂಬುದು ತಿಳಿದುಬಿಡುತ್ತದಲ್ಲ. ಗೋಲ್ಡ್‌ಬರ್ಗರ್ 1929ರಲ್ಲಿ ತೀರಿಕೊಂಡ, ಕಾಣೆಯಾದ ಅಂಶ ನಿಯಾಸಿನ್ ಎಂದು ಎಲ್ವೆಜೆಮ್ ಎಂಬ ವಿಜ್ಞಾನಿ ಕಂಡುಹಿಡಿದದ್ದು 1937ರಲ್ಲಿ.

ನಮ್ಮ ಮಗ್ಗುಲಲ್ಲೂ ಈ ರೋಗ ಇತ್ತೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಮರೆತೇ ಹೋಗಿದೆ. ಹೈದರಾಬಾದಿನ ಪೋಷಣ ಪ್ರಯೋಗಾಲಯದಲ್ಲಿ ಸಿ. ಗೋಪಾಲನ್ ಮತ್ತು ಶ್ರೀಕಂಠಯ್ಯ 1960ರಲ್ಲಿ ದಖ್ಖಣದ ಬಡವರ ಪೆಲಾಗ್ರ ಕುರಿತು ಬರೆದರು. ಅಲ್ಲಿ ಕಾರಣವಾದದ್ದು ಮೆಕ್ಕೆಜೋಳವಲ್ಲ, ನಮ್ಮದೇ ಬಿಳಿಜೋಳ. ಅದರಲ್ಲಿ ಹೆಚ್ಚಿರುವ ಲ್ಯೂಸಿನ್ ನಿಯಾಸಿನ್‌ಗೆ ಅಡ್ಡಿಯಾಗುತ್ತದೆಂಬುದು ಅವರ ವಾದ. ಬೇಳೆ, ಸೊಪ್ಪು, ಮಜ್ಜಿಗೆ ಜೊತೆಗಿದ್ದರೆ ರೊಟ್ಟಿಯಿಂದ ಯಾರಿಗೂ ಏನೂ ಆಗದು. ಬರೀ ರೊಟ್ಟಿಯೇ ಗತಿಯಾದವರ ರೋಗ ಅದು.

ಮೆಕ್ಕೆಜೋಳವಂತೂ ನಮ್ಮಲ್ಲಿಗೆ ಇನ್ನೂ ಬರಿಗೈಯಲ್ಲಿ ಬಂದ ಬೆಳೆ. ಪೋರ್ಚುಗೀಸರ ಹಡಗಿನಲ್ಲಿ ಬೀಜ ಬಂತು, ಅದನ್ನು ಉಣ್ಣುವ ವಿದ್ಯೆ ಬರಲಿಲ್ಲ. ಇಂದು ನಮ್ಮ ಚಿತ್ರದುರ್ಗ, ದಾವಣಗೆರೆ, ಹಾವೇರಿ ಸೀಮೆಯಲ್ಲಿ ಮುಂಗಾರಿನಲ್ಲಿ ಎತ್ತ ನೋಡಿದರೂ ಅದೇ. ಹೆದ್ದಾರಿಯ ಅಂಚಿನಲ್ಲಿ ಕಾಳು ಒಣಹಾಕಿ, ಲಾರಿಗೆ ತುಂಬಿ, ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ ಕಳಿಸುತ್ತೇವೆ. ಹಸಿ ತೆನೆ ಸುಟ್ಟು ತಿನ್ನುವುದು ಬಿಟ್ಟರೆ ಬೆಳೆದವರ ತಟ್ಟೆಗೆ ಅದು ಬರುವುದು ಅಪರೂಪ. ನನ್ನ ಚಿಕ್ಕಪ್ಪ ನಾಲ್ಕು ಎಕರೆ ಬೆಳೆಯುತ್ತಾನೆ, ಒಂದು ರೊಟ್ಟಿ ಮಾಡಿ ತಿಂದದ್ದು ನಾನು ನೋಡಿಲ್ಲ. ಕೇಡ್ಸ್ ಕೋವ್‌ನ ಹಿಟ್ಟಿನ ಚೀಲದ ಚಿತ್ರ ಕಳಿಸಿದರೆ, "ಇದಕ್ಕೆ ದುಡ್ಡು ಕೊಟ್ಟೆಯಾ?" ಎಂದು ಕೇಳಿದ.

ಅಜ್ಜಿ ದಂಪತಿ ಒಂದು ಭಾನುವಾರ ಇಗರ್ಜಿ ಮುಗಿಸಿ ಬಂದು ನಮ್ಮನ್ನು ಊಟಕ್ಕೆ ಕರೆದರು. ಮೇಜಿನ ಮೇಲೆ ಅವರ ಕಪ್ಪು ಬಾಣಲೆಯ ರೊಟ್ಟಿ, ತಂಗಿಗಾಗಿ ಮಾಂಸ ಹಾಕದೆ ಬೇಯಿಸಿದ ಟರ್ನಿಪ್ ಸೊಪ್ಪು, ಸೊಪ್ಪು ಬೆಂದ ಹಸಿರು ರಸ ಬಟ್ಟಲಲ್ಲಿ ಬೇರೆಯೇ. ಆ ರಸಕ್ಕೆ ಪಾಟ್‌ಲಿಕರ್ ಎನ್ನುತ್ತಾರೆ. ದೊಡ್ಡ ಮನೆಯ ಊಟದ ಮೇಜಿಗೆ ಸೊಪ್ಪು ಹೋದ ಮೇಲೆ ಅಡುಗೆಯವರ ಪಾಲಿಗೆ ಉಳಿಯುತ್ತಿದ್ದದ್ದು ಇದೇ. ಸತ್ವವೆಲ್ಲ ಇದರಲ್ಲೇ ಇಳಿದಿರುತ್ತಿತ್ತು. ಒಗ್ಗರಣೆ ಬೀಳದ ಬಸ್ಸಾರು ಎಂದುಕೊಳ್ಳಿ. ನಾನು ರೊಟ್ಟಿ ಮುರಿದು ಅದ್ದಿದೆ. ಅಜ್ಜಿ ತಮ್ಮ ಬಟ್ಟಲಿಗೆ ರೊಟ್ಟಿ ಪುಡಿ ಮಾಡಿ ಹಾಕಿಕೊಂಡು ಚಮಚ ಹಿಡಿದಿದ್ದರು. ಅವರ ಗಂಡ ಅದ್ದುವವರು.

ಇದು ಅವರ ಮನೆಯ ಜಗಳ ಮಾತ್ರವಲ್ಲ. 1931ರಲ್ಲಿ ಲೂಯಿಸಿಯಾನದ ಗವರ್ನರ್ ಹ್ಯೂಯಿ ಲಾಂಗ್ ರೊಟ್ಟಿಯನ್ನು ಅದ್ದಿಯೇ ತಿನ್ನಬೇಕೆಂದು ಸಾರಿದ. ಅಟ್ಲಾಂಟಾದ ಕಾನ್‌ಸ್ಟಿಟ್ಯೂಷನ್ ಪತ್ರಿಕೆಯ ಜೂಲಿಯನ್ ಹ್ಯಾರಿಸ್ ಪುಡಿ ಮಾಡಿಯೇ ತಿನ್ನಬೇಕೆಂದು ಬರೆದ. ವಾರಗಟ್ಟಲೆ ದಕ್ಷಿಣದ ಪತ್ರಿಕೆಗಳಲ್ಲಿ ಇದೇ ಚರ್ಚೆ. ಆಗ ನ್ಯೂಯಾರ್ಕ್ ಗವರ್ನರ್ ಆಗಿದ್ದ ರೂಸ್‌ವೆಲ್ಟ್ ಈ ಪ್ರಶ್ನೆಯನ್ನು ಡೆಮಾಕ್ರಟಿಕ್ ಪಕ್ಷದ ಸಮ್ಮೇಳನಕ್ಕೆ ಒಪ್ಪಿಸೋಣವೆಂದು ತಮಾಷೆ ಮಾಡಿದ. ದೇಶ ಆರ್ಥಿಕ ಕುಸಿತದಲ್ಲಿ ಒದ್ದಾಡುತ್ತಿದ್ದ ವರ್ಷ ಅದು.

"ನಿಮ್ಮೂರಲ್ಲಿ ಸೊಪ್ಪಿನ ರಸಕ್ಕೆ ಏನು ನಂಚಿಕೊಳ್ತಾರೆ?" ಎಂದು ಅಜ್ಜಿಯ ಗಂಡ ಕೇಳಿದರು. ರಾಗಿಮುದ್ದೆಯ ವಿಷಯ ಹೇಳಿದೆ. ಮುರಿದು, ಉಂಡೆ ಕಟ್ಟಿ, ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ತಾಗಿಸದೆ ನುಂಗುವುದನ್ನು ಕೈಯಲ್ಲೇ ಮಾಡಿ ತೋರಿಸಿದೆ.

"ಅಗಿಯೋದೇ ಇಲ್ವಾ? ರುಚಿ ಹೆಂಗೆ ಗೊತ್ತಾಗುತ್ತೆ?"

"ರುಚಿಯೆಲ್ಲ ಸಾರಿಂದು, ಸರ್."

ಅವರು ಒಂದು ಗಳಿಗೆ ಯೋಚಿಸಿ, ಇನ್ನೊಂದು ತುಂಡು ಮುರಿದು ರಸದಲ್ಲಿ ಅದ್ದಿ, ಹೆಂಡತಿಯ ಕಡೆ ತಿರುಗಿದರು. "ಕೇಳಿಸ್ತಾ? ಇಂಡಿಯಾದಿಂದ ಒಂದು ಓಟು ಬಂತು ನನ್ನ ಕಡೆಗೆ."

"ಸಿಟಿಜನ್ ಅಲ್ಲ ಅವನು" ಎಂದು ಅಜ್ಜಿ ತಮ್ಮ ಬಟ್ಟಲಿಗೆ ಇನ್ನಷ್ಟು ಪುಡಿ ಉದುರಿಸಿಕೊಂಡರು.